ಜೇಸನ್ ಅಂಡ್ ದಿ ಸ್ಕಾರ್ಚರ್ಸ್ ಮೊದಲ ಆಲ್ಬಂ: ಇದು ಕಂಟ್ರಿಯೋ, ಪಂಕೋ?

ಎರಡನೇ ಗೇರ್:

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ನನಗೆ ಹೊಸದು, ಹಾಗಾಗಿ ದಡ್ಡ ಪ್ರಶ್ನೆ ಅನ್ನಿಸಿದರೆ ಬೈಬೇಡಿ. ಒಂದು ತಿಂಗಳಿಂದ ಹಳೇ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಕೇಳುತ್ತಿದ್ದೇನೆ. ‘ಲಾಸ್ಟ್ ಹೈವೇ’ ಅಂತೂ ರಾತ್ರಿ ಮಲಗುವ ಮುಂಚೆ ದಿನಾ ಬೇಕು. ಮೊನ್ನೆ ಅದೇ ಹಾಡು ಹುಡುಕುವಾಗ ಜೇಸನ್ ಅಂಡ್ ದಿ ಸ್ಕಾರ್ಚರ್ಸ್ ಅನ್ನುವ, ಕಂಟ್ರಿಯ ತವರೂರು ನ್ಯಾಶ್‌ವಿಲ್‌ನ ತಂಡದ್ದು ಸಿಕ್ಕಿತು, 1985ರ ‘ಲಾಸ್ಟ್ ಅಂಡ್ ಫೌಂಡ್’ ಆಲ್ಬಂನಲ್ಲಿ. ಹಾಡು ಅದೇ, ಆದರೆ ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತದೆ. ಮೊದಲು ಸಿಟ್ಟು ಬಂತು. ಆಮೇಲೆ ಪೂರ್ತಿ ಆಲ್ಬಂ ಮೂರು ಸಲ ಕೇಳಿದೆ.

ಇದನ್ನು ಹಾಂಕಿ-ಟಾಂಕ್ ಅಂತ ಕರೆಯುತ್ತಾರೆ, ಪಂಕ್ (ಒರಟಾದ, ವೇಗದ ರಾಕ್) ಅಂತಲೂ ಕರೆಯುತ್ತಾರೆ. ಎರಡೂ ಹೇಗೆ ಸಾಧ್ಯ? ಹಾಂಕಿ-ಟಾಂಕ್ ಅಂದರೆ ಮೆಲ್ಲಗೆ ಕೂತು ಅಳುವ ಹಾಡು ಅಂದುಕೊಂಡಿದ್ದೆ. ಇಷ್ಟು ಗದ್ದಲ ಎಲ್ಲಿಂದ ಬಂತು?

ಹಳೇ ಕ್ಯಾಸೆಟ್:

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಆದರೆ ಗದ್ದಲ ಹೊರಗಿನಿಂದ ಬಂತು ಅಂದುಕೊಂಡಿದ್ದೀರಲ್ಲ, ನನ್ನ ತಕರಾರು ಇರುವುದು ಅಲ್ಲೇ.

ಹಾಂಕಿ-ಟಾಂಕ್ ಅಂದರೆ ಮೊದಲು ಒಂದು ಜಾಗ. ಕುಡಿಯುವ, ಕುಣಿಯುವ, ಕೆಲವು ಸಲ ಹೊಡೆದಾಡುವ ಜಾಗ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋದ ಮೇಲೆ ಟೆಕ್ಸಸ್ ಕಡೆಯ ತೈಲದ ಊರುಗಳಲ್ಲಿ ಇಂಥ ಬಾರುಗಳು ತುಂಬಿಕೊಂಡವು. ಸಂಜೆ ಕೆಲಸ ಮುಗಿಸಿ, ಕೈಯಲ್ಲಿ ಕಾಸು ಇಟ್ಟುಕೊಂಡು ಬಂದ ಜನ. ಅಲ್ಲಿ ಕೂತು ಮೆಲ್ಲಗೆ ಗಿಟಾರ್ ಮೀಟಿದರೆ ಯಾರಿಗೆ ಕೇಳಿಸುತ್ತೆ? ಹಾಡುಗಾರ ಅರ್ನೆಸ್ಟ್ ಟಬ್ ಬಗ್ಗೆ ಒಂದು ಕಥೆ ಹೇಳುತ್ತಾರೆ: ಜ್ಯೂಕ್‌ಬಾಕ್ಸ್ (ಕಾಸು ಹಾಕಿದರೆ ರೆಕಾರ್ಡ್ ನುಡಿಸುವ ಪೆಟ್ಟಿಗೆ) ನಡೆಸುವವನೊಬ್ಬ ಬಂದು, ಬಾರಿನಲ್ಲಿ ಜನ ಸೇರಿದರೆ ನಿನ್ನ ರೆಕಾರ್ಡು ಕೇಳಿಸುವುದೇ ಇಲ್ಲ ಮಾರಾಯ ಅಂದನಂತೆ. ಟಬ್ ಎಲೆಕ್ಟ್ರಿಕ್ ಗಿಟಾರ್ ಸೇರಿಸಿಕೊಂಡು 1941ರಲ್ಲಿ ‘ವಾಕಿಂಗ್ ದ ಫ್ಲೋರ್ ಓವರ್ ಯು’ ರೆಕಾರ್ಡ್ ಮಾಡಿದ, ಅದು ಎಲ್ಲೆಲ್ಲೂ ಓಡಿತು.

ನಮ್ಮಲ್ಲಿ ಮದುವೆಗೆ ವಾಲಗ ಯಾಕೆ, ವೀಣೆ ಯಾಕಿಲ್ಲ? ಬಯಲಾಟಕ್ಕೆ ಚಂಡೆ ಯಾಕೆ? ಜಾಗ ಕೇಳುತ್ತೆ, ವಾದ್ಯ ಕೊಡುತ್ತೆ. ಹಾಂಕಿ-ಟಾಂಕ್ ಹುಟ್ಟಿದ್ದೇ ಗದ್ದಲದ ಮೇಲೆ ತನ್ನ ದನಿ ಏರಿಸೋಕೆ. ನೀವು ಮಲಗುವಾಗ ಹೆಡ್‌ಫೋನಿನಲ್ಲಿ ಕೇಳುತ್ತಿದ್ದೀರಿ, ಅದಕ್ಕೆ ಜೋಗುಳದ ಹಾಗೆ ಅನ್ನಿಸುತ್ತಿದೆ ಅಷ್ಟೇ. 1980ರ ಹೊತ್ತಿಗೆ ನ್ಯಾಶ್‌ವಿಲ್‌ನ ದೊಡ್ಡ ಸ್ಟುಡಿಯೋಗಳು ಕಂಟ್ರಿಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿಟ್ಟಿದ್ದವು. ಸ್ಕಾರ್ಚರ್ಸ್ ಆ ಹಳೇ ಬಾರಿನ ಸದ್ದನ್ನು ವಾಪಸ್ ತಂದರು, ತಮ್ಮ ಕಾಲದ ಆಂಪ್ಲಿಫೈಯರ್ ಹಿಡಿದುಕೊಂಡು.

ಇನ್ನೊಂದು, ‘ಲಾಸ್ಟ್ ಹೈವೇ’ ಹ್ಯಾಂಕ್ ಬರೆದದ್ದಲ್ಲ. ಲಿಯಾನ್ ಪೇನ್ ಬರೆದದ್ದು. ಹ್ಯಾಂಕ್ 1949ರಲ್ಲಿ ಹಾಡಿದ, ಜನ ಅವನದ್ದೇ ಅಂದುಕೊಂಡರು.

ಶಫಲ್ ಶೆಟ್ಟಿ:

ಹಳೇ ಕ್ಯಾಸೆಟ್ ಅವರೇ, ವಾಲಗದ ಉದಾಹರಣೆ ಚೆನ್ನಾಗಿದೆ, ಅರ್ಧ ಒಪ್ಪುತ್ತೇನೆ. ಇನ್ನರ್ಧ ಇಲ್ಲ.

ಜೋರು ಬೇರೆ, ವೇಗ ಬೇರೆ. ಹಾಂಕಿ-ಟಾಂಕ್ ಕುಣಿಯುವವರ ಸಂಗೀತ ಅಂತ ನೀವೇ ಅಂದಿರಿ. ರೇ ಪ್ರೈಸ್ 1956ರಲ್ಲಿ ಹಾಡಿದ ‘ಕ್ರೇಜಿ ಆರ್ಮ್ಸ್’ ಹಾಕಿ ನೋಡಿ. ಬೇಸ್ ನಾಲ್ಕೂ ಹೊಡೆತಕ್ಕೆ ನಡೆಯುತ್ತೆ, ಡ್ರಮ್ಮು ಸ್ವಲ್ಪ ಎಳೆದು ತೂಗುತ್ತೆ, ಜೋಡಿಯಾಗಿ ಹೆಜ್ಜೆ ಹಾಕುವವರಿಗೆ ಅಂತಲೇ ಅಳೆದು ಹೊಲಿದ ಹಾಗೆ. ಆ ತೂಗಾಟ ಹೋದರೆ ಹಾಂಕಿ-ಟಾಂಕಿನ ಬೆನ್ನುಮೂಳೆ ಹೋದ ಹಾಗೆ. ಸ್ಕಾರ್ಚರ್ಸ್‌ನ ‘ಲಾಸ್ಟ್ ಹೈವೇ’ಗೆ ಜೋಡಿಯಾಗಿ ಕುಣಿಯಿರಿ ನೋಡೋಣ, ಮಂಡಿಚಿಪ್ಪು ಕೈಗೆ ಬರುತ್ತೆ. ಪೆರಿ ಬ್ಯಾಗ್ಸ್ ಬಾರಿಸುವುದು ರಾಕ್ ಡ್ರಮ್ಮೇ, ಅದರಲ್ಲಿ ಅನುಮಾನ ಬೇಡ. ಅದ್ಭುತವಾಗಿ ಬಾರಿಸುತ್ತಾನೆ, ಆ ಮಾತು ಬೇರೆ.

ಹಾಂಕಿ-ಟಾಂಕ್ ಇರುವುದು ಹಾಡುವವನ ಗಂಟಲಲ್ಲಿ. ಸ್ಕಾರ್ಚರ್ಸ್ ಹಾಡುಗಾರ ಜೇಸನ್ ರಿಂಗೆನ್‌ಬರ್ಗ್ ಇಲಿನಾಯ್‌ನಲ್ಲಿ ಹಂದಿ ಸಾಕುವ ರೈತರ ಮನೆಯಲ್ಲಿ ಬೆಳೆದವನು. 1981ರಲ್ಲಿ ನ್ಯಾಶ್‌ವಿಲ್‌ಗೆ ಬಂದ. ಅವನ ದನಿ ಮೂಗಿನಿಂದ ಬರುತ್ತೆ, ಒಡೆಯುತ್ತೆ, ಅದನ್ನು ಮುಚ್ಚಿಡುವುದಿಲ್ಲ. ಗಿಟಾರಿನ ವಾರ್ನರ್ ಹಾಜಸ್ ಅಪ್ಪ ಅಮ್ಮ ಇಬ್ಬರೂ ಕಂಟ್ರಿ ಸಂಗೀತಗಾರರು. ಮನೆಯಲ್ಲಿ ಆ ಸಂಗೀತ ಕೇಳಿ ಕೇಳಿ ಬೆಳೆದು, ಆಮೇಲೆ ರಾಕ್ ಹಿಡಿದ ಹುಡುಗ. ಅದಕ್ಕೇ ಅವನು ಎಷ್ಟೇ ಸದ್ದು ಮಾಡಿದರೂ ನಡುವೆ ಬಾಗುವ ಸ್ವರಗಳು ಕಂಟ್ರಿಯ ಸ್ಟೀಲ್ ಗಿಟಾರಿನ (ತಂತಿ ಮೇಲೆ ಕಬ್ಬಿಣದ ತುಂಡು ಜಾರಿಸಿ ನುಡಿಸುವುದು) ಹಾಗೆ ಕೊರಗುತ್ತವೆ. ಕಲಿತು ಬಂದದ್ದಲ್ಲ ಅದು, ಮನೆಯ ಅಡುಗೆ ರುಚಿ ಇದ್ದ ಹಾಗೆ.

ಹಳೇ ಕ್ಯಾಸೆಟ್:

ಕುಣಿಯೋಕೆ ಆಗಲ್ಲ ಅನ್ನುವುದು ನಿಜ. ಆ ಏಟು ಒಪ್ಪಿಕೊಂಡೆ 😄 ಆದರೆ ಡ್ರಮ್ಮು ಇದ್ದರೆ ಕಂಟ್ರಿ ಅಲ್ಲ ಅಂತ ಹೇಳಿದವರೂ ಇದ್ದರು, ನೆನಪಿರಲಿ. ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಗೆ ಪೂರ್ತಿ ಡ್ರಮ್ ಸೆಟ್ಟನ್ನು ಎಷ್ಟೋ ವರ್ಷ ಹತ್ತಿಸಲೇ ಇಲ್ಲ. ಇವತ್ತು ನೀವು ಬೆನ್ನುಮೂಳೆ ಅನ್ನುವುದು ಆವತ್ತಿನ ಹಿರಿಯರಿಗೆ ಅಪಚಾರ.

ಟೆನೆಸ್ಸಿ ತಿಪ್ಪ:

ನಾನಿರುವುದು ನ್ಯಾಶ್‌ವಿಲ್ ಹತ್ತಿರವೇ, ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ, ತಡೆಯೋಕೆ ಆಗಲಿಲ್ಲ. ಊರಿನಿಂದ ಯಾರೇ ಬಂದರೂ ನಾನು ಬ್ರಾಡ್‌ವೇ ಬೀದಿಗೆ ಕರೆದುಕೊಂಡು ಹೋಗಬೇಕು, ಅದೊಂದು ಸೇವೆ ಆಗಿಬಿಟ್ಟಿದೆ. ಬೆಳಗ್ಗೆಯಿಂದಲೇ ಒಂದೊಂದು ಬಾಗಿಲಿಂದ ಒಂದೊಂದು ಬ್ಯಾಂಡು. ಇವತ್ತು ನೋಡಿದವರಿಗೆ ಆ ಬೀದಿ ಯಾವಾಗಲೂ ಹೀಗೇ ಇತ್ತು ಅನ್ನಿಸುತ್ತೆ. ಆದರೆ 1974ರಲ್ಲಿ ಆಪ್ರಿ ರೈಮನ್ ಸಭಾಂಗಣ ಬಿಟ್ಟು ಊರ ಹೊರಗೆ ಹೋದ ಮೇಲೆ ಬ್ರಾಡ್‌ವೇ ಪಾಳು ಬಿತ್ತು. ಸ್ಕಾರ್ಚರ್ಸ್ ಶುರು ಮಾಡಿದ್ದು ಆ ಕಾಲದಲ್ಲಿ. ಊರಿನ ಕಂಪನಿಗಳಿಗೆ ಹಳೇ ಹಾಂಕಿ-ಟಾಂಕ್ ಅಂದರೆ ನಾಚಿಕೆ, ರಾಕ್ ಕೇಳುವ ಹುಡುಗರಿಗೆ ಕಂಟ್ರಿ ಅಂದರೆ ನಗು.

ಅವರ ಮೊದಲ ಹೆಸರು ಜೇಸನ್ ಅಂಡ್ ದಿ ನ್ಯಾಶ್‌ವಿಲ್ ಸ್ಕಾರ್ಚರ್ಸ್. ಇಎಂಐ ಕಂಪನಿ ಸೇರಿದ ಮೇಲೆ ಊರ ಹೆಸರನ್ನು ತೆಗೆಸಿದರು. ಕಂಟ್ರಿ ತಂಡ ಅಂದುಕೊಂಡು ರಾಕ್ ಕೇಳುಗರು ದೂರ ಹೋಗಬಾರದು ಅಂತ ಲೆಕ್ಕ. ಹೆಸರು ಕಿತ್ತರೂ ಉಚ್ಚಾರಣೆ ಕೀಳೋಕೆ ಆಗುತ್ತಾ? ಕೊನೆಗೆ ಕಂಟ್ರಿ ರೇಡಿಯೋಗೆ ಇವರು ಜಾಸ್ತಿ ರಾಕ್ ಆದರು, ರಾಕ್ ರೇಡಿಯೋಗೆ ಜಾಸ್ತಿ ಕಂಟ್ರಿ. ಎರಡು ಊರಿಗೂ ಸಲ್ಲದ ಬಸ್ಸು. ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ನಿನವರು 2008ರಲ್ಲಿ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು, ತಡವಾಗಿಯಾದರೂ.

ಅಂದಹಾಗೆ ‘ಲಾಸ್ಟ್ ಅಂಡ್ ಫೌಂಡ್’ ಮೊದಲ ಪೂರ್ಣ ಆಲ್ಬಂ ಮಾತ್ರ. ಅದಕ್ಕೂ ಮುಂಚೆ 1982ರ ‘ರೆಕ್‌ಲೆಸ್ ಕಂಟ್ರಿ ಸೋಲ್’, 1983ರ ‘ಫರ್ವರ್’ ಅಂತ ಎರಡು ಚಿಕ್ಕ ರೆಕಾರ್ಡ್ ಇವೆ. ನನ್ನ ಮಟ್ಟಿಗೆ ‘ಫರ್ವರ್’ ಇನ್ನೂ ಮೇಲು. ‘ಲಾಸ್ಟ್ ಅಂಡ್ ಫೌಂಡ್’ ಸ್ವಲ್ಪ ಪಾಲಿಶ್ ಆಗಿದೆ.

ಎರಡನೇ ಗೇರ್:

ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ್ದನ್ನು ಇಟ್ಟುಕೊಂಡು ನಿನ್ನೆ ಮತ್ತೆ ಕೇಳಿದೆ, ಈ ಸಲ ಅಡುಗೆಮನೆಯಲ್ಲಿ, ಸ್ಪೀಕರ್ ಹಚ್ಚಿ, ಒಂದು ಕಡೆ ಮಿಕ್ಸಿ ಓಡುತ್ತಾ ಇತ್ತು, ಕುಕ್ಕರ್ ಸೀಟಿ ಬೇರೆ. ಹಳೇ ಕ್ಯಾಸೆಟ್ ಅವರ ಮಾತು ಅಲ್ಲಿ ಅರ್ಥ ಆಯಿತು. ಹ್ಯಾಂಕ್ ಹಾಡಿದ್ದೂ ಆ ಗದ್ದಲ ಸೀಳಿಕೊಂಡು ಕೇಳಿಸಿತು! ನಾನು ಅದನ್ನು ಅಷ್ಟು ಜೋರಾಗಿ ಇಟ್ಟೇ ಇರಲಿಲ್ಲ.

ಆದರೆ ಶೆಟ್ರು ಹೇಳಿದ್ದೂ ಸರಿ ಅನ್ನಿಸಿತು. ‘ಸ್ಟಿಲ್ ಟೈಡ್’ ಅಂತ ಒಂದು ನಿಧಾನದ ಹಾಡಿದೆಯಲ್ಲ, ಅಲ್ಲಿ ಗದ್ದಲ ಇಲ್ಲದೇ ಬರೀ ಗಂಟಲಿನಿಂದಲೇ ಹಾಂಕಿ-ಟಾಂಕ್ ಆಗಿದೆ. ಎಡ್ಡಿ ಆರ್ನಲ್ಡ್ 1950ರ ದಶಕದಲ್ಲಿ ಹಾಡಿದ್ದ ‘ಐ ರಿಯಲಿ ಡೋಂಟ್ ವಾಂಟ್ ಟು ನೋ’ ಕೂಡ ಇದರಲ್ಲಿ ಇದೆ ಅಂತ ಆಮೇಲೆ ಗೊತ್ತಾಯಿತು. ಹಳೆಯದನ್ನು ಹುಡುಕಿ ಕೇಳಿದೆ. ಅವನು ರೇಷ್ಮೆ ಪಂಚೆ ಉಟ್ಟು ಕೇಳಿದ ಪ್ರಶ್ನೆಯನ್ನೇ ಇವರು ಅಂಗಿ ಹರಿದುಕೊಂಡು ಕೇಳುತ್ತಾರೆ.

ಮುಂದೆ ಏನು ಕೇಳಲಿ?

ಶಫಲ್ ಶೆಟ್ಟಿ:

ಅದೇ ಸಾಲಿನಲ್ಲಿ, ಬೇರೆ ಬೇರೆ ಊರಿನವು: ಕೆಂಟಕಿ ಹೆಡ್‌ಹಂಟರ್ಸ್‌ನ ಮೊದಲ ಆಲ್ಬಂ ‘ಪಿಕಿನ್ ಆನ್ ನ್ಯಾಶ್‌ವಿಲ್’, 1989. ಶುರುವಿಗೇ ಹಳೇ ಕಂಟ್ರಿಯ ಬಿಲ್ ಮನ್ರೋ ಹಾಡನ್ನು ಎತ್ತಿಕೊಂಡು ದಕ್ಷಿಣದ ರಾಕ್ ಮಾಡಿಬಿಟ್ಟಿದ್ದಾರೆ. ಆದರೆ ಅವರಿಗೆ ಅವಸರ ಇಲ್ಲ, ಆರಾಮಾಗಿ ಬಾರಿಸುತ್ತಾರೆ. ಇವರನ್ನು ಕಂಟ್ರಿ ರೇಡಿಯೋ ಒಪ್ಪಿಕೊಂಡಿತು, ಗ್ರ್ಯಾಮಿಯೂ ಬಂತು. ಇಲಿನಾಯ್‌ನ ಬೆಲ್ವಿಲ್ ಹುಡುಗರು ಅಂಕಲ್ ಟುಪೆಲೊ, ‘ನೋ ಡಿಪ್ರೆಷನ್’, 1990. ಅದು ಹಾಂಕಿ-ಟಾಂಕ್‌ಗಿಂತ ಹಳೇ ಜನಪದದ ಕಡೆಗೆ, ಮೋಡ ಕವಿದ ಹಾಗೆ ಇರುತ್ತೆ.

ಕುಣಿಯುವಂಥದ್ದು ಬೇಕು ಅಂದರೆ ಮಾತ್ರ ಬಿಆರ್5-49. ತಿಪ್ಪ ಹೇಳಿದ ಆ ಬ್ರಾಡ್‌ವೇ ಬೀದಿಯಲ್ಲೇ ರಾಬರ್ಟ್ಸ್ ಅಂತ ಒಂದು ಬಾರು ಇದೆ, ಬೂಟ್ಸನ್ನೂ ಮಾರುವ ಜಾಗ. 90ರ ದಶಕದಲ್ಲಿ ಅಲ್ಲಿ ಟಿಪ್ಸ್ ಕಾಸಿಗೆ ರಾತ್ರಿಯೆಲ್ಲಾ ನುಡಿಸಿ ಹೆಸರು ಮಾಡಿದವರು. 1996ರ ಆಲ್ಬಂ ತಗೊಳ್ಳಿ.

ಟೆನೆಸ್ಸಿ ತಿಪ್ಪ:

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು. ಆ ಜೇಸನ್ನೇ ಆಮೇಲೆ ‘ಫಾರ್ಮರ್ ಜೇಸನ್’ ಅಂತ ಹೆಸರಿಟ್ಟುಕೊಂಡು ಮಕ್ಕಳಿಗೆ ದನ, ಕೋಳಿ, ಟ್ರ್ಯಾಕ್ಟರ್ ಹಾಡು ಹಾಡಿದ. ನನ್ನ ಮಗಳು ಬೆಳೆದದ್ದು ಅದರಲ್ಲೇ. ಅದೇ ಮನುಷ್ಯನ ‘ಲಾಸ್ಟ್ ಅಂಡ್ ಫೌಂಡ್’ ಮೊನ್ನೆ ಕಾರಿನಲ್ಲಿ ಹಾಕಿದರೆ, ಅಪ್ಪಾ ಈ ಅಂಕಲ್‌ಗೆ ಯಾರು ಹೊಡೆದರು ಅಂತ ಕೇಳಿದಳು.