ನಿಂತಾಗ ಇಂಜಿನ್ ಬಿಸಿ, ಓಡುವಾಗ ಸರಿ. ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ, ಏನು ನೋಡಲಿ?

ಹಳೇ ಹ್ಯಾಚ್‌ಬ್ಯಾಕ್:

ಎಲ್ಲರಿಗೂ ನಮಸ್ಕಾರ. ನನ್ನದು 11 ವರ್ಷದ ಪೆಟ್ರೋಲ್ ಕಾರು, 1,18,000 ಕಿಲೋಮೀಟರ್ ಓಡಿದೆ. ಎರಡು ವಾರದಿಂದ ಒಂದೇ ರಗಳೆ. ಓಡುತ್ತಿರುವಾಗ ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ಇರುತ್ತದೆ. ಸಿಗ್ನಲ್‌ನಲ್ಲಿ ಐದಾರು ನಿಮಿಷ ನಿಂತರೆ ಸಾಕು, ಮೆಲ್ಲಗೆ ಮೇಲೆ ಹತ್ತಲು ಶುರು. ಗಾಡಿ ಮತ್ತೆ ಓಡಿತೋ, ಎರಡೇ ನಿಮಿಷದಲ್ಲಿ ಇಳಿಯುತ್ತದೆ. ಏಸಿ ಕೂಡ ಹಾಗೇ. ಓಡುವಾಗ ತಣ್ಣಗೆ, ನಿಂತರೆ ಬೆಚ್ಚಗಿನ ಗಾಳಿ.

ಮೊನ್ನೆ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರೆ ಫ್ಯಾನ್ ಸುಮ್ನೆ ನಿಂತಿದೆ. ಒಂದು ಗ್ಯಾರೇಜಿಗೆ ಒಯ್ದೆ. ಎರಡು ನಿಮಿಷ ನೋಡಿ, ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ಹೋಗಿದೆ ಎಂದು ಹೊಸದು ಹಾಕಿದರು. ಮಾರನೇ ದಿನ ಅದೇ ಕಥೆ. ಮತ್ತೆ ಹೋದರೆ ಇಂಜಿನ್ ಬಿಸಿ ನೋಡುವ ಸೆನ್ಸರ್ ಎಂದರು, ಅದನ್ನೂ ಬದಲಿಸಿದರು. ಈಗ ಫ್ಯಾನ್ ಅಸೆಂಬ್ಲಿ ಪೂರ್ತಿ ಹಾಕಬೇಕು, ಅದಕ್ಕೂ ಸರಿಹೋಗದಿದ್ದರೆ ಈಸಿಯು (ಇಂಜಿನ್ನಿನ ಕಂಪ್ಯೂಟರ್) ಅನ್ನುತ್ತಿದ್ದಾರೆ. ಕತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದಾರೆ ಅನಿಸಿ ಗಾಡಿ ವಾಪಸ್ ತಂದೆ.

ಮನೆಯಲ್ಲಿ ನಾನು ನೋಡಿದ್ದು ಇಷ್ಟು. ಫ್ಯಾನಿನ 30 ಆಂಪಿಯರ್ ಫ್ಯೂಸ್ ಸರಿಯಿದೆ. ಏಸಿ ಹಾಕಿದರೆ ಫ್ಯಾನೂ ತಿರುಗಬೇಕು. ಹಾಕಿದಾಗ ಫ್ಯೂಸ್ ಬಾಕ್ಸಿನಲ್ಲಿ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ಟಕ್ ಎನ್ನುತ್ತದೆ. ಕೂಲೆಂಟ್ (ಇಂಜಿನ್ ತಂಪು ಮಾಡುವ ನೀರು) ಡಬ್ಬಿಯಲ್ಲಿ ಮೇಲಿನ ಗೆರೆಯವರೆಗೂ ಇದೆ. ಫ್ಯಾನಿನ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್) ಬಿಚ್ಚಿ, ಇಂಜಿನ್ ಓಡಿಸಿ, ಏಸಿ ಹಾಕಿ ಮಲ್ಟಿಮೀಟರ್ ಇಟ್ಟರೆ 13.6 ವೋಲ್ಟ್ ತೋರಿಸಿತು. ಕರೆಂಟ್ ಬರುತ್ತಿದೆ ಅಂದಮೇಲೆ ಮೋಟಾರೇ ಹೋಗಿದೆ ಅಂತ, ಅಲ್ವಾ? ಹೊಸ ಫ್ಯಾನ್ ತರಿಸಲೇ? (ಮಲ್ಟಿಮೀಟರನ್ನು ಇದುವರೆಗೆ ರಿಮೋಟಿನ ಸೆಲ್ ನೋಡಲು ಬಿಟ್ಟರೆ ಬೇರೆಯದಕ್ಕೆ ಬಳಸಿದವನಲ್ಲ.)


ಟೆಸ್ಟ್ ಲ್ಯಾಂಪ್:

ಈಗಲೇ ತರಿಸಬೇಡಿ. 22 ವರ್ಷದಿಂದ ಕಾರುಗಳ ವೈರಿಂಗ್ ಕೆಲಸವನ್ನೇ ಮಾಡುತ್ತಿದ್ದೇನೆ. ಚೆನ್ನಾಗಿರುವ ಫ್ಯಾನ್ ಬಿಚ್ಚಿ ಹೊಸದು ಹಾಕಿಸಿಕೊಂಡು, ಆಮೇಲೆ ಸಪ್ಪೆ ಮುಖ ಮಾಡಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ.

ಮೊದಲು ಥರ್ಮೋಸ್ಟಾಟ್ ಮಾತು. ಅದು ಮುಚ್ಚಿಕೊಂಡೇ ಉಳಿದಿದ್ದರೆ ನೀರು ರೇಡಿಯೇಟರಿಗೆ ಹೋಗುವುದೇ ಇಲ್ಲ. ಆಗ ಓಡುವಾಗಲೂ ಇಂಜಿನ್ ಕಾಯುತ್ತದೆ, ಇನ್ನೂ ಜಾಸ್ತಿಯೇ ಕಾಯುತ್ತದೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೂ ಹಾಗೇ, ವೇಗದಲ್ಲಿ, ಏರಿನಲ್ಲಿ ಬಣ್ಣ ಬಯಲಾಗುತ್ತದೆ. ನಿಮ್ಮದು ತಿರುಗಾಮುರುಗಾ. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಿಂತಾಗ ಗಾಳಿ ಎಳೆಯುವವರಿಲ್ಲ. ಏಸಿ ಕಂಡೆನ್ಸರ್ (ಏಸಿಯ ಬಿಸಿ ಹೊರಹಾಕುವ ಜಾಲರಿ) ಇರುವುದೂ ರೇಡಿಯೇಟರಿನ ಮುಂದೆಯೇ, ಅದಕ್ಕೂ ಇದೇ ಗಾಳಿ ಬೇಕು. ಎರಡೂ ಒಟ್ಟಿಗೆ ಕೈಕೊಟ್ಟಿವೆ ಎಂದರೆ ತಪ್ಪು ಫ್ಯಾನಿನ ಕಡೆಯದ್ದೇ. ಇಷ್ಟನ್ನು ಗಾಡಿ ಮುಟ್ಟದೆ, ನಿಮ್ಮ ಮಾತು ಕೇಳಿಯೇ ಹೇಳಬಹುದಿತ್ತು.

ಇನ್ನು ನಿಮ್ಮ 13.6. ಕಪ್ಲರ್ ಬಿಚ್ಚಿ ನೋಡಿದ ವೋಲ್ಟೇಜನ್ನು ನಂಬಬೇಡಿ. ನಲ್ಲಿ ಮುಚ್ಚಿರುವಾಗ ಪೈಪಿನಲ್ಲಿ ಒತ್ತಡ ಇದ್ದೇ ಇರುತ್ತದೆ. ತಿರುಗಿಸಿದಾಗಲೇ ಗೊತ್ತಾಗುವುದು ಧಾರೆಯೋ ತೊಟ್ಟೋ ಅಂತ. ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು 13.6 ಎಂದೇ ತೋರಿಸುತ್ತದೆ. ಆ ಒಂದು ಎಳೆಯಲ್ಲಿ ಫ್ಯಾನ್ ತಿರುಗುವುದಿಲ್ಲ, ಅದಕ್ಕೆ 10ರಿಂದ 15 ಆಂಪಿಯರ್ ಬೇಕು.

ಹೀಗೆ ಮಾಡಿ. ಕಪ್ಲರ್ ಕೂಡಿಸಿಯೇ ಇರಲಿ. ಅದರ ಹಿಂಬದಿಯಿಂದ, ವೈರ್ ಒಳಗೆ ಹೋಗುವ ಸಂದಿಯಲ್ಲಿ ತೆಳ್ಳಗಿನ ಗುಂಡುಪಿನ್ನು ತೂರಿಸಿ ಮೋಟಾರ್ ಕಡೆಯ ಎರಡು ವೈರುಗಳ ನಡುವೆ ಅಳೆಯಿರಿ. ಏಸಿ ಆನ್ ಇರಬೇಕು. ಅಲ್ಲಿಯೂ 13ರ ಹತ್ತಿರ ಬಂದು ಫ್ಯಾನ್ ನಿಂತೇ ಇದ್ದರೆ ಮೋಟಾರ್ ಸತ್ತಿದೆ. ವೋಲ್ಟೇಜ್ ಕುಸಿದರೆ ದಾರಿಯಲ್ಲಿ ಎಲ್ಲೋ ತಿನ್ನುತ್ತಿದೆ. ಎಲ್ಲಿ ಅಂತ ಹಿಡಿಯಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೇಲಿರಲಿ, ಇನ್ನೊಂದನ್ನು ರಿಲೇಯ 30ನೇ ಕಾಲಿಗೆ (ಕರೆಂಟ್ ಒಳಬರುವುದು), ಆಮೇಲೆ 87ಕ್ಕೆ (ಹೊರಹೋಗುವುದು), ಆಮೇಲೆ ಕಪ್ಲರಿನ ಆಚೆ ಈಚೆ, ಹೀಗೆ ಮುಂದಕ್ಕೆ ಸರಿಸುತ್ತಾ ಬನ್ನಿ. ಒಟ್ಟು ದಾರಿಗೆ ಅರ್ಧ ವೋಲ್ಟ್ ತನಕ ಸರಿ. ಒಂದೇ ಕಡೆ ದಿಢೀರನೆ ಜಾಸ್ತಿ ತೋರಿಸಿದರೆ ಕಳ್ಳ ಅಲ್ಲೇ ಕೂತಿದ್ದಾನೆ. ಮೈನಸ್ ಕಡೆಗೂ ಹೀಗೇ, ಬ್ಯಾಟರಿ ಮೈನಸ್‌ನಿಂದ. ರಿಲೇ ಟಕ್ ಅಂದಿತು ಅಂತ ಅದನ್ನು ಬಿಟ್ಟುಬಿಡಬೇಡಿ. ಒಳಗಿನ ಪಾಯಿಂಟ್ ಸುಟ್ಟಿದ್ದರೂ ಟಕ್ ಎನ್ನುತ್ತದೆ.

ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ. ಬೆರಳು, ತೋಳಿನ ಬಟ್ಟೆ, ಮೀಟರಿನ ವೈರ್ ಎಲ್ಲ ದೂರ ಇರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ. 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುವ ನೀರು ಮುಚ್ಚಳ ಸಡಿಲಾದ ಕ್ಷಣವೇ ಕುದಿದು ಮುಖಕ್ಕೆ ಹಾರುತ್ತದೆ.


ರಾತ್ರಿ ಪಾಳಿ:

ನಾನು ಟ್ಯಾಕ್ಸಿ ಓಡಿಸುವವನು, ಇಷ್ಟೆಲ್ಲ ಲೆಕ್ಕ ಗೊತ್ತಿಲ್ಲ. ನಮ್ಮ ಕಡೆಯ ಪರೀಕ್ಷೆ ಸುಲಭ. ಏಸಿ ಹಾಕಿ, ಉದ್ದದ ಕೋಲಿನಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ಎರಡು ತಟ್ಟಿ. ರೆಕ್ಕೆಗಲ್ಲ, ಬೆನ್ನಿಗೆ. ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ. ನನ್ನ ಗಾಡಿಯನ್ನು ಹೀಗೆ ತಟ್ಟಿ ತಟ್ಟಿಯೇ ನಾಲ್ಕು ದಿನ ಓಡಿಸಿದ್ದೇನೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಇಡಿ. ಕಿಟಕಿ ಇಳಿಸಿ. ಹೀಟರ್ ಅಂದರೆ ಒಳಗಿರುವ ಪುಟ್ಟ ರೇಡಿಯೇಟರೇ ತಾನೇ. ಬೆವರು ಕಿತ್ತುಕೊಂಡು ಬರುತ್ತದೆ, ಆದರೆ ಇಂಜಿನ್ ಉಳಿಯುತ್ತದೆ. ಮುಳ್ಳು ಆದರೂ ಇಳಿಯದಿದ್ದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್.

ಇನ್ನೊಂದು ಉಪಾಯ, ಬ್ಯಾಟರಿಯಿಂದ ನೇರ ವೈರ್ ಎಳೆದು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿಸಿಬಿಡಿ. ತಲೆನೋವೇ ಇಲ್ಲ.


ಟೆಸ್ಟ್ ಲ್ಯಾಂಪ್:

ತಟ್ಟುವುದಕ್ಕೆ ನನ್ನ ಒಪ್ಪಿಗೆ ಇದೆ, ಸ್ವಿಚ್ಚಿಗೆ ಇಲ್ಲ. ಸ್ವಿಚ್ ಹಾಕಿಸಿಕೊಂಡವರು ಒಂದು ದಿನ ಮರೆಯುತ್ತಾರೆ. ಆ ದಿನವೇ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲು) ಹೋಗುತ್ತದೆ. ಅದೂ ಅಲ್ಲದೆ ಹಾಗೆ ಎಳೆದ ವೈರಿಗೆ ಫ್ಯೂಸ್ ಹಾಕಿದ್ದನ್ನು ನಾನು ಕಂಡದ್ದೇ ಅಪರೂಪ. ಮನೆ ತಲುಪಲು ಒಂದು ದಿನದ ಮಟ್ಟಿಗೆ ಆಗಬಹುದು, ಅಷ್ಟೇ.


ಸ್ಕ್ಯಾನರ್ ಹುಚ್ಚ:

ಥರ್ಮೋಸ್ಟಾಟ್, ಸೆನ್ಸರ್ ಎರಡನ್ನೂ ಬಿಚ್ಚಿದ್ದಾರಲ್ಲ, ಆಮೇಲೆ ಕೂಲೆಂಟ್ ಪೈಪುಗಳೊಳಗೆ ಸೇರಿದ ಗಾಳಿ ತೆಗೆದಿದ್ದಾರಾ ಕೇಳಿ. ಸೆನ್ಸರಿನ ತುದಿ ನೀರಿನಲ್ಲಿ ಮುಳುಗಿರಬೇಕು. ಅಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಇಂಜಿನ್ ಕುದಿಯುತ್ತಿದ್ದರೂ ಸೆನ್ಸರ್ ತಣ್ಣಗಿದೆ ಎನ್ನುತ್ತದೆ, ಈಸಿಯು ಫ್ಯಾನ್ ಹಾಕುವುದೇ ಇಲ್ಲ. ಡಬ್ಬಿಯಲ್ಲಿ ಕೂಲೆಂಟ್ ಇದೆ ಅಂದಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತಲ್ಲ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ.

ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಈಸಿಯು ಕೊಡುವ ಅಂಕಿ, ದೋಷದ ಕೋಡ್ ತೋರಿಸುವ ಉಪಕರಣ) ಸಿಕ್ಕರೆ ಚುಚ್ಚಿ ಕೂಲೆಂಟ್ ತಾಪಮಾನ ನೋಡುತ್ತಾ ಕೂರಿ. ಬಹಳಷ್ಟು ಕಾರುಗಳಲ್ಲಿ 95ರಿಂದ 100 ಡಿಗ್ರಿಯೊಳಗೆ ಫ್ಯಾನ್ ಶುರುವಾಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನೆಚ್ಚಬೇಡಿ. ಎಷ್ಟೋ ಗಾಡಿಗಳಲ್ಲಿ ಅದನ್ನು ನಡುವಿನಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ, ಅದು ಏರುವ ಹೊತ್ತಿಗೆ ತಡವಾಗಿರುತ್ತದೆ. ಪಿ 0480 ಕೋಡ್ ಇದ್ದರೆ ಫ್ಯಾನ್ ಕಂಟ್ರೋಲ್ ಸರ್ಕ್ಯೂಟಿನ ತೊಂದರೆ. ಪಿ 0117, ಪಿ 0118 ಬಂದರೆ ಸೆನ್ಸರ್ ಕಡೆಯದು.

ಸ್ಕ್ಯಾನರ್ ಇಲ್ಲವೇ? ಇಂಜಿನ್ ಓಡುವಾಗ ಕೂಲೆಂಟ್ ಸೆನ್ಸರಿನ ಕಪ್ಲರ್ ಬಿಚ್ಚಿ. ಸೆನ್ಸರ್ ಕಾಣದಿದ್ದಾಗ ಬಹಳ ಗಾಡಿಗಳ ಈಸಿಯು ಹೆದರಿ ಫ್ಯಾನ್ ಹಾಕಿಬಿಡುತ್ತದೆ. ಚೆಕ್ ಇಂಜಿನ್ ದೀಪ ಹತ್ತುತ್ತದೆ, ಆಮೇಲೆ ಕೋಡ್ ಅಳಿಸಿದರಾಯಿತು.


ಹಳೇ ಹ್ಯಾಚ್‌ಬ್ಯಾಕ್:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಭಾನುವಾರ ಪೂರ್ತಿ ಬಾನೆಟ್ ಕೆಳಗೇ ಕಳೆದೆ.

ರೇಡಿಯೇಟರ್ ತುಂಬಿದೆ. ಕೋಲಿನಿಂದ ತಟ್ಟಿದೆ, ಏನೂ ಆಗಲಿಲ್ಲ. ಆಮೇಲೆ ಗುಂಡುಪಿನ್ನು. ಕಪ್ಲರ್ ಕೂಡಿಸಿ ಏಸಿ ಹಾಕಿದೆ. ಮೋಟಾರ್ ಕಡೆ ನೋಡಿದರೆ 0.9 ವೋಲ್ಟ್! ಬಿಚ್ಚಿದಾಗ 13.6, ಕೂಡಿಸಿದರೆ 0.9. ಮೀಟರೇ ಕೆಟ್ಟಿತೇನೋ ಅಂದುಕೊಂಡು ಮೂರು ಸಲ ನೋಡಿದೆ. ಟೆಸ್ಟ್ ಲ್ಯಾಂಪ್ ಅಣ್ಣ ಹೇಳಿದ ಹಾಗೆ ಬ್ಯಾಟರಿಯಿಂದ ಒಂದೊಂದೇ ಹೆಜ್ಜೆ ಬಂದೆ. ರಿಲೇ ತನಕ ಏನೂ ಇಲ್ಲ. ಕಪ್ಲರಿನ ಈಚೆಯವರೆಗೆ 0.1. ಕಪ್ಲರ್ ದಾಟಿದ ಕೂಡಲೇ 12.7. ಅಷ್ಟು ಹೊತ್ತಿಗೆ ಕಪ್ಲರ್ ಬಿಸಿಯಾಗಿ ಕೈ ಚುರ್ ಎಂದಿತು.

ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಹೊರಗಿನಿಂದ ಏನೂ ಕಾಣದು. ಒಳಗೆ ಪ್ಲಸ್ ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿ ಕರಗಿ ಒಂದು ಕಡೆ ವಾಲಿದೆ. ಪಿನ್ ಮೇಲೆ ಹಸಿರು ಕಿಲುಬು, ಹೆಣ್ಣು ಪಿನ್ನಿನ ತುಟಿ ಅಗಲವಾಗಿಬಿಟ್ಟಿದೆ. ಫ್ಯಾನನ್ನು ಫ್ಯೂಸ್ ಇರುವ ವೈರಿನಲ್ಲಿ ಬ್ಯಾಟರಿಗೆ ನೇರ ಕೊಟ್ಟರೆ ಗಿರ್ರೆಂದು ತಿರುಗಿತು.

ಹೊಸ ಕಪ್ಲರ್ ತಂದು ಹಾಕಿದೆ. ಫ್ಯಾನ್ ತಿರುಗುತ್ತಿದೆ. ಆದರೆ ಇಲ್ಲೊಂದು ತಮಾಷೆ. ಇಷ್ಟಾದರೂ ನಿಂತಾಗ ಮುಳ್ಳು ಏರುತ್ತಲೇ ಇದೆ!


ಸ್ಕ್ಯಾನರ್ ಹುಚ್ಚ:

ಮುಂದಿನ ಗ್ರಿಲ್ಲಿಗೆ ಒಂದು ಹಾಳೆ ಹಿಡಿಯಿರಿ. ಅಂಟಿಕೊಳ್ಳುತ್ತದೋ ಹಾರಿಹೋಗುತ್ತದೋ?


ಹಳೇ ಹ್ಯಾಚ್‌ಬ್ಯಾಕ್:

ಹಾರಿಹೋಯಿತು. ಪ್ಲಸ್ ಮೈನಸ್ ಅದಲುಬದಲು ಮಾಡಿ ಕೂರಿಸಿದ್ದೆ. ಫ್ಯಾನ್ ಉಲ್ಟಾ ತಿರುಗಿ ಇಂಜಿನ್ನಿನ ಬಿಸಿಗಾಳಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ಎರಡೂ ವೈರ್ ಕಪ್ಪು ಬಣ್ಣ, ಒಂದರ ಮೇಲೆ ತೆಳ್ಳಗಿನ ನೀಲಿ ಗೆರೆ ಇತ್ತು. ಕನ್ನಡಕ ಹಾಕಿಕೊಂಡಿರಲಿಲ್ಲ. ಈಗ ಸರಿಮಾಡಿದೆ, ಹಾಳೆ ಅಂಟುತ್ತದೆ. ಮುಗಿಯಿತು ಅಂದುಕೊಳ್ಳಲೇ?


ಟೆಸ್ಟ್ ಲ್ಯಾಂಪ್:

ಇನ್ನೂ ಇಲ್ಲ. ಆ ಪಿನ್ ಯಾಕೆ ಸುಟ್ಟಿತು? ನೀರು ಹೋಗಿ ಕಿಲುಬು ಹಿಡಿದಿರಬಹುದು. ಅಥವಾ ಮೋಟಾರ್ ಬಿಗಿಯಾಗಿ, ಎಳೆಯಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು. ಎರಡನೆಯದಾದರೆ ನಿಮ್ಮ ಹೊಸ ಕಪ್ಲರೂ ಕೆಲವೇ ತಿಂಗಳಲ್ಲಿ ಕರಗುತ್ತದೆ. ಕ್ಲ್ಯಾಂಪ್ ಮೀಟರ್ ಹಾಕಿ ಆಂಪಿಯರ್ ನೋಡಿ. ಡಿಸಿ (ಬ್ಯಾಟರಿಯ ಕರೆಂಟ್) ಅಳೆಯುವ ಕ್ಲ್ಯಾಂಪೇ ಆಗಬೇಕು. ಅಗ್ಗದವು ಎಷ್ಟೋ ಸಲ ಮನೆಗೆ ಬರುವ ಆಲ್ಟರ್ನೇಟಿಂಗ್ ಕರೆಂಟನ್ನು ಮಾತ್ರ ಅಳೆಯುತ್ತವೆ, ಕಾರಿನ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ. ಆಮೇಲೆ ಬ್ಯಾಟರಿ ಮೈನಸ್ ಬಿಚ್ಚಿ, ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ. ಬಿಟ್ಟ ಮೇಲೂ ಸ್ವಲ್ಪ ದೂರ ತಾನಾಗಿ ಸಾಗಬೇಕು.

ಓದುವ ಬೇರೆಯವರಿಗೆ ಒಂದು ಮಾತು. ಫ್ಯಾನಿಗೆ ನೇರ ಬ್ಯಾಟರಿ ಕೊಡುವುದು ಎರಡು ವೈರಿನ ಸಾದಾ ಮೋಟಾರಿಗೆ ಮಾತ್ರ. ಹೊಸ ಗಾಡಿಗಳಲ್ಲಿ ಮೂರು ನಾಲ್ಕು ವೈರ್ ಬಂದು ಮೋಟಾರ್ ಮೇಲೆಯೇ ಕಂಟ್ರೋಲ್ ಮಾಡ್ಯೂಲ್ ಕೂತಿರುತ್ತದೆ. ಅದಕ್ಕೆ ಹೀಗೆ ಕೊಟ್ಟರೆ ಮಾಡ್ಯೂಲ್ ಸುಟ್ಟುಕೊಳ್ಳುತ್ತೀರಿ.


ರಾತ್ರಿ ಪಾಳಿ:

ಇದು ಸತ್ಯ. ನನ್ನ ಪರಿಚಯದವರ ಗಾಡಿಯಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಕಪ್ಲರ್ ಕರಗಿತು. ಕೊನೆಗೆ ಮೋಟಾರ್ ಬದಲಿಸಿದ ಮೇಲೆ ನಿಂತಿತು.


ಹಳೇ ಹ್ಯಾಚ್‌ಬ್ಯಾಕ್:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಡಿಸಿ ಕ್ಲ್ಯಾಂಪ್ ಸ್ನೇಹಿತನ ಹತ್ತಿರ ಸಿಕ್ಕಿತು. 26 ಆಂಪಿಯರ್! ಫ್ಯೂಸ್ 30ರದ್ದು, ಅದಕ್ಕೇ ಹೋಗಿರಲಿಲ್ಲ. ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಸಿಕ್ಕಿದ ಹಾಗೆ ಕರಕರ, ಬಿಟ್ಟ ಜಾಗದಲ್ಲೇ ನಿಲ್ಲುತ್ತಿತ್ತು. ಮೋಟಾರ್ ಮಾತ್ರ ಬೇರೆಯಾಗಿ ಸಿಕ್ಕಿತು, ಪೂರ್ತಿ ಅಸೆಂಬ್ಲಿ ಬೇಕಾಗಲಿಲ್ಲ. ಹಾಕಿದ ಮೇಲೆ 12 ಆಂಪಿಯರ್. ಅರ್ಧ ಗಂಟೆ ಓಡಿಸಿ ಕಪ್ಲರ್ ಮುಟ್ಟಿದೆ, ತಣ್ಣಗಿದೆ.

ನಿನ್ನೆ ಸಂಜೆ ಟ್ರಾಫಿಕ್‌ನಲ್ಲಿ 20 ನಿಮಿಷ ಸಿಕ್ಕಿಹಾಕಿಕೊಂಡಿದ್ದೆ. ಸ್ಕ್ಯಾನರ್ ಹಾಕಿಕೊಂಡೇ ಹೋಗಿದ್ದೆ. ಏಸಿ ಆಫ್ ಮಾಡಿ ನೋಡಿದೆ, 97ಕ್ಕೆ ಫ್ಯಾನ್ ಶುರು, 92ಕ್ಕೆ ಆಫ್. ಮತ್ತೆ 97, ಮತ್ತೆ 92. ಮುಂದಿನ ಗಾಡಿ ಹೊರಟಿದ್ದೂ ಗೊತ್ತಾಗಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಗ್ಯಾರೇಜಿನವರು ತೆಗೆದುಕೊಟ್ಟಿದ್ದ ಹಳೇ ಥರ್ಮೋಸ್ಟಾಟ್ ಡಿಕ್ಕಿಯಲ್ಲೇ ಬಿದ್ದಿತ್ತು. ಸುಮ್ನೆ ಕುತೂಹಲಕ್ಕೆ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಟ್ಟು, ಅದನ್ನು ದಾರದಲ್ಲಿ ಇಳಿಬಿಟ್ಟು ನೋಡಿದೆ. ಮೈಮೇಲೆ ತೆರೆಯಬೇಕಾದ ಡಿಗ್ರಿ 82 ಎಂದು ಕೆತ್ತಿದೆ. 83ಕ್ಕೆ ನೀಟಾಗಿ ಬಾಯಿ ತೆರೆಯಿತು.