ಎರಡು ಗೋಡೆ ನಡುವೆ ಬೇಸಿನ್ ಕ್ಯಾಬಿನೆಟ್: ಬಡಗಿಯವರನ್ನು ಕೇಳಿ

ಮೈಸೂರು: ಅಣ್ಣ, ಬಾತ್‌ರೂಮಿನಲ್ಲಿ ಗೋಡೆಯಿಂದ ಗೋಡೆಗೆ 36 ಇಂಚು ಇದೆ. 36 ಇಂಚಿನ ಕ್ಯಾಬಿನೆಟ್ ತರಬಹುದಾ?

ಬಡಗಿ: ಬೇಡ ಮೇಡಂ. ಟೈಲ್ಸ್ ಆದ ಮೇಲೆ ಹಿಂದೆ, ಮುಂದೆ, ಕೆಳಗೆ, ಮೇಲೆ ಅಳೆಯಿರಿ. ಗೋಡೆ ನೆಟ್ಟಗೆ ಇರುವುದು ಅಪರೂಪ. ಕಮ್ಮಿ ಬಂದದ್ದೇ ಲೆಕ್ಕ. ಅದರಲ್ಲೂ ಎರಡೂ ಕಡೆ 5 ಮಿ.ಮೀ. ಬಿಡಿ.

ಮಂಡ್ಯ: ಕನ್ನಡಿ ಎಷ್ಟು ಎತ್ತರಕ್ಕೆ ಹಾಕಬೇಕು?

ಹಾಸನ: ನಮ್ಮದು 30 ಇಂಚು. 30ರದ್ದು ಕೂರುತ್ತಾ?

ಬಡಗಿ: ಮೇಲೆ ಓದಿ ಸರ್.

ಬೆಂಗಳೂರು: ನಾನು 36ರದ್ದು ತಂದುಬಿಟ್ಟೆ. ಜಾಗ ಮೂವತ್ತೈದು ಮುಕ್ಕಾಲು. ಫ್ಲ್ಯಾಟ್ ಹೊಸದು. ಟೈಲ್ಸ್ ಕಿತ್ತು ಗೋಡೆ ಅರ್ಧ ಇಂಚು ಕೆತ್ತುತ್ತೇನೆ ಅಂತಾರೆ ಮೇಸ್ತ್ರಿ. ನಾಳೆ ಬರ್ತಾರೆ.

ಬಡಗಿ: ಸರ್, ಬರಬೇಡಿ ಅಂತ ಈಗಲೇ ಫೋನ್ ಮಾಡಿ. ಹೊಸ ಫ್ಲ್ಯಾಟ್‌ಗಳಲ್ಲಿ ಎಷ್ಟೋ ಕಡೆ ಇಟ್ಟಿಗೆ ಗೋಡೆಯೇ ಇಲ್ಲ. ಅಲ್ಯುಮಿನಿಯಂ ಅಚ್ಚು ನಿಲ್ಲಿಸಿ ಕಾಂಕ್ರೀಟ್ ಸುರಿದಿರುತ್ತಾರೆ. ನಾವು ಮೈವಾನ್ ಅನ್ನುತ್ತೇವೆ. ಮೇಲಿನ ಮನೆಗಳ ಭಾರ ಹೊರುವುದು ಆ ಗೋಡೆಗಳೇ. ಕೆತ್ತಿದರೆ ಒಳಗಿನ ಕಂಬಿಗೆ ನೀರು ತಾಗಿ ತುಕ್ಕು ಹಿಡಿಯುತ್ತದೆ. ಇಟ್ಟಿಗೆ ಗೋಡೆ ಅಂತಲೇ ಇಟ್ಟುಕೊಳ್ಳಿ, ಒಳಗೆ ನೀರಿನ ಪೈಪ್ ಇರಬಹುದು. ಟೈಲ್ಸ್ ಹಿಂದಿನ ವಾಟರ್‌ಪ್ರೂಫಿಂಗ್ ಹಾಳಾದರೆ ಕೆಳಗಿನ ಮನೆಯವರ ಸೀಲಿಂಗ್ ಒದ್ದೆ.

ಅಂಗಡಿಯವರು ವಾಪಸ್ ತಗೊಂಡರೆ ಕೊಟ್ಟುಬಿಡಿ. 33 ಇಂಚಿನದು ಮಾಡಿಸಿ, ಎರಡೂ ಕಡೆ ಉಳಿಯುವ ಸಂದಿಗೆ ಪಟ್ಟಿ ಕೊಡಿ. ಪಟ್ಟಿ ಇಲ್ಲದಿದ್ದರೆ ಬಾಗಿಲಿನ ಹಿಡಿ ಗೋಡೆಗೆ ಬಡಿಯುತ್ತದೆ, ಪೂರ್ತಿ ತೆರೆಯುವುದಿಲ್ಲ. ಪಟ್ಟಿಯನ್ನು ಗೋಡೆಗೆ ಹಿಡಿದು, ಗೋಡೆಯ ವಾರೆ ಹೇಗಿದೆಯೋ ಹಾಗೇ ಪೆನ್ಸಿಲ್ ಗೆರೆ ಹಾಕಿ, ಆ ಗೆರೆಗೆ ಕೊಯ್ಯಬೇಕು. ಆಗ ಸಂದಿ ಕಾಣುವುದಿಲ್ಲ.

ದಾವಣಗೆರೆ: ಫಾರ್ವರ್ಡ್ ಬಂದಿತ್ತು: "ಸಂದಿಗೆ ಬಿಳಿ ಸಿಮೆಂಟ್, ಫೆವಿಕಾಲ್ ಕಲಸಿ ತುಂಬಿದರೆ ಜನ್ಮಕ್ಕೂ ನೀರು ಇಳಿಯಲ್ಲ."

ಬಡಗಿ: ಇದು ಮೂರನೇ ಸಲ. ಬಿಳಿ ಸಿಮೆಂಟ್ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರಿಳಿದು ಪ್ಲೈವುಡ್ ಉಬ್ಬುತ್ತದೆ. ಬೂಷ್ಟು ಹಿಡಿಯದ ಸಿಲಿಕೋನ್ ಹಾಕಿ. ಫಾರ್ವರ್ಡ್ ಹಾಕಬೇಡಿ.

ಶಿವಮೊಗ್ಗ: ಪ್ಲೈವುಡ್ ಯಾಕೆ? ಪಿವಿಸಿ ಬೋರ್ಡ್ ಹಾಕಿಸಿ, ನೀರಿನ ಚಿಂತೆನೇ ಇಲ್ಲ.

ಹುಬ್ಬಳ್ಳಿ: ನಮ್ಮನೆಯಲ್ಲಿ ಎರಡೇ ವರ್ಷಕ್ಕೆ ಸ್ಕ್ರೂ ಕಿತ್ತು ಬಾಗಿಲು ಜೋತು ಬಿತ್ತು.

ಶಿವಮೊಗ್ಗ: ಹಾಕಿದವರಿಗೆ ಕೆಲಸ ಬಂದಿಲ್ಲ.

ಹುಬ್ಬಳ್ಳಿ: ನೀವು ಬಂದು ನೋಡಿದ್ರಾ? ಸುಮ್ನೆ ಮಾತಾಡಬೇಡಿ.

ಶಿವಮೊಗ್ಗ: ನಾನೂ ನನ್ನ ಮನೆ ಅನುಭವ ಹೇಳಿದ್ದು. ನಿಮಗ್ಯಾಕೆ ಅಷ್ಟು ಸಿಟ್ಟು?

ತುಮಕೂರು: ಜಗಳ ಬಿಡಿ. ಬೇಸಿನ್ ಈಶಾನ್ಯಕ್ಕೆ ಬರಬೇಕು ಅಲ್ವಾ?

ಬಡಗಿ: ಪೈಪ್ ಇರುವ ಕಡೆ ಬರುತ್ತದೆ. ಪ್ಲೈವುಡ್ ತಗೊಳ್ಳುವವರು ಐಎಸ್ 710 ಮುದ್ರೆ ನೋಡಿ, ನೀರು ತಡೆಯುವ ಮೆರೈನ್ ಪ್ಲೈವುಡ್‌ನ ಗುರುತು ಅದು. ಕೊಯ್ದ ಅಂಚು ಒಂದನ್ನೂ ಬರಿದಾಗಿ ಬಿಡಬೇಡಿ.

ಮಂಡ್ಯ: ಕನ್ನಡಿ ಎತ್ತರ ಕೇಳಿದ್ದೆ. ಎರಡನೇ ಸಲ.

ಕೋಲಾರ: 36 ಇಂಚು ಜಾಗಕ್ಕೆ 36ರ ಕ್ಯಾಬಿನೆಟ್ ಆಗುತ್ತಾ ಸರ್?

ಬಡಗಿ: ಇಲ್ಲ. ಬೆಂಗಳೂರಿನ ಸರ್, ಫೋನ್ ಮಾಡಿದ್ರಾ?

ಬೆಂಗಳೂರು: ಮಾಡಿದೆ. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದರು.

ಬಡಗಿ: ಹೋಗಲಿ ಬಿಡಿ, ಗೋಡೆ ಉಳಿಯಿತು. ಅಳತೆ ಎಲ್ಲ ಬರೆದು ಹಾಕಿ. ನೀರು ಹೋಗುವ ಪೈಪ್ ಗೋಡೆಯಲ್ಲಿದೆಯಾ, ನೆಲದಲ್ಲಿದೆಯಾ ಅದನ್ನೂ ಹೇಳಿ.