ಸಹಾಯ ಬೇಕು: ಅಡಿಕೆ, ಸಾಂಬಾರ ಬೆಳೆ ಸಂಸ್ಕರಣೆ ಕೋರ್ಸ್ ಪ್ರಪೋಸಲ್

ಎಲ್ರಿಗೂ ನಮಸ್ಕಾರ, ತೀರ್ಥಹಳ್ಳಿ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಬಾಟನಿ ಪಾಠ ಮಾಡ್ತೀನಿ. ಅಡಿಕೆ, ಕಾಳುಮೆಣಸು, ಏಲಕ್ಕಿ ಸಂಸ್ಕರಣೆ ಮೇಲೆ ಹೊಸ ಕೋರ್ಸ್ ಶುರು ಮಾಡೋಣ ಅಂತ ಪ್ರಿನ್ಸಿಪಾಲ್ರು ಪ್ರಪೋಸಲ್ ಬರಿ ಅಂದಿದಾರೆ. ನಮ್ದು ಅಟಾನಮಸ್ (ಸಿಲಬಸ್ ತಾನೇ ಮಾಡ್ಕೊಳ್ಳೋ ಕಾಲೇಜು) ಅಲ್ಲ, ಹಂಗಾಗಿ ಡಿಗ್ರಿ ಸಬ್ಜೆಕ್ಟ್ ಆದ್ರೆ ಶಂಕರಘಟ್ಟಕ್ಕೇ, ಅಂದ್ರೆ ಕುವೆಂಪು ವಿವಿಗೇ ಹೋಗ್ಬೇಕು, ಬಿಓಎಸ್ಸು (ಸಿಲಬಸ್ ನೋಡೋ ಬೋರ್ಡ್ ಆಫ್ ಸ್ಟಡೀಸ್), ಅಕಾಡೆಮಿಕ್ ಕೌನ್ಸಿಲ್ಲು, ಆಮೇಲೆ ಎಲ್‌ಐಸಿ (ಕಾಲೇಜಿಗೆ ಬಂದು ನೋಡೋ ವಿವಿ ಕಮಿಟಿ) ವಿಸಿಟ್ಟು, ಅದೆಲ್ಲಾ ಆಗೋಷ್ಟರಲ್ಲಿ ಈಗಿನ ಮಕ್ಕಳು ಪಾಸಾಗಿ ಹೋಗಿರ್ತಾರೆ! ಅದಕ್ಕೆ ಮೊದ್ಲು 30 ಗಂಟೆ ಸರ್ಟಿಫಿಕೇಟ್ ಕೋರ್ಸ್ ಮಾಡಿ ನೋಡೋದೇ ವಾಸಿ ಅನ್ನೋದು ನನ್ನ ಲೆಕ್ಕ.

ನಮ್ಮ ಮಕ್ಕಳಿಗೆ ಕೆಲ್ಸ ಗೊತ್ತಿಲ್ಲ ಅಂತಲ್ಲ, ಕೊಯ್ಲಿನ ಟೈಮಲ್ಲಿ ಅಡಿಕೆ ಸುಲಿದು ಚೊಗರು ಹಿಡಿದ ಕೈಯಲ್ಲೇ ಲ್ಯಾಬಿಗೆ ಬರ್ತಾರೆ, ಆದ್ರೆ ತೇವಾಂಶ ಅಳೆಯೋದು, ಗ್ರೇಡಿಂಗ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ಲೈಸೆನ್ಸ್ ಇದೆಲ್ಲಾ ಯಾರೂ ಹೇಳ್ಕೊಟ್ಟಿಲ್ಲ. ನೆಟ್ಟಲ್ಲಿ ಸಿಕ್ಕಿದ ಸ್ಯಾಂಪಲ್ ಸಿಲಬಸ್ ನೋಡಿದ್ರೆ ಬರೀ ಬಿಸ್ಕೆಟ್ಟು, ಜಾಮು, ನಮ್ಮೂರಿಗೆ ಅದು ಯಾತಕ್ಕೆ?

ಯಾರಾದ್ರೂ ಇಂಥ ಕೋರ್ಸ್ ಮಾಡಿದ್ರೆ ಕೋರ್ಸ್ ಔಟ್‌ಕಮ್ (ಕೋರ್ಸ್ ಮುಗಿದ್ಮೇಲೆ ಮಕ್ಕಳಿಗೆ ಏನೇನು ಬರ್ಬೇಕು ಅನ್ನೋದು) ಹೆಂಗೆ ಬರ್ದಿದ್ರಿ ಅಂತ ಒಂದು ಪುಟ ಕಳ್ಸಿ ಪ್ಲೀಸ್. ಥಿಯರಿ ವಾರಕ್ಕೆ 1 ಗಂಟೆಗೆ 1 ಕ್ರೆಡಿಟ್, ಪ್ರಾಕ್ಟಿಕಲ್ 2 ಗಂಟೆಗೆ 1, ಅದು ಗೊತ್ತು. ಫೀಲ್ಡ್ ವಿಸಿಟ್ಟನ್ನ ಪ್ರಾಕ್ಟಿಕಲ್ ಲೆಕ್ಕಕ್ಕೆ ಸೇರಿಸಿದ್ರೆ ಒಪ್ತಾರಾ? ನವುಲೆ, ಇರುವಕ್ಕಿ ಕೃಷಿ ವಿವಿ ಕಡೆಯವ್ರು ಯಾರಾದ್ರೂ ಗ್ರೂಪಲ್ಲಿದ್ರೆ ರಿಸೋರ್ಸ್ ಪರ್ಸನ್ ಆಗಿ ಬರ್ತೀರಾ? ಊಟ, ಬಸ್ ಚಾರ್ಜ್ ನಮ್ದು, ಗೌರವಧನ ಮಾತ್ರ ಜಾಸ್ತಿ ನಿರೀಕ್ಷೆ ಮಾಡ್ಬೇಡಿ 😀